ಕೊಡುವ ಕೈಗೆ ಲೆಕ್ಕವೂ ತಿಳಿದಿರಲಿ



ಅಂಗಡಿಯ ಮುಂದೆ ನಿಂತಾಗ, ಕರೆಂಟ್ ಬಿಲ್ಲು ಕೈಗೆ ಬಂದಾಗ, ಇಂದು ಎಲ್ಲರಿಗೂ ಎದುರಾಗುವ ಪ್ರಶ್ನೆ ಒಂದಿದೆ. ನಗದು ಕೊಡುವುದೋ, ಕಾರ್ಡು ಕೊಡುವುದೋ, ಫೋನ್ ತೆಗೆದು ಸ್ಕ್ಯಾನ್ ಮಾಡುವುದೋ? ಈ ಮಾತಿಗೆ ಮನೆಯೊಳಗೇ ಎರಡು ಪಕ್ಷಗಳಾಗುತ್ತವೆ. “ಇನ್ನೂ ನೋಟು ಎಣಿಸ್ತಾ ಕೂತಿದ್ದೀಯಲ್ಲ ಅಪ್ಪಾ” ಎನ್ನುತ್ತಾಳೆ ಮಗಳು. “ಕಣ್ಣಿಗೆ ಕಾಣದ ದುಡ್ಡು ಖರ್ಚಾಗಿದ್ದೂ ಗೊತ್ತಾಗೋಲ್ಲ ಕಣಮ್ಮಾ” ಎನ್ನುತ್ತಾರೆ ಅಪ್ಪ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಇದನ್ನು ಹಳಬರಿಗೂ ಹೊಸಬರಿಗೂ ನಡುವಿನ ಜಗಳವೆಂದು ನೋಡಿದರೆ ನಮಗೆ ದಾರಿ ಕಾಣುವುದಿಲ್ಲ. ನಗದಾಗಲಿ ಕಾರ್ಡಾಗಲಿ, ಯಾವುದನ್ನೇ ಆರಿಸುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಈ ಖರ್ಚಿನ ಲೆಕ್ಕ ಯಾರ ಕೈಯಲ್ಲಿ ಉಳಿಯುತ್ತದೆ? ಏನಾದರೂ ತಪ್ಪಿದರೆ ನಷ್ಟ ಯಾರ ತಲೆಗೆ ಬೀಳುತ್ತದೆ? ಇವತ್ತಿನ ನನ್ನ ಮಾತೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ಗುಜರಾತಿನ ವಡೋದರಾದಲ್ಲಿ, ಅಂದರೆ ಹಳೆಯ ಬರೋಡಾದಲ್ಲಿ, ಕೂತು ನಾನು ಈ ಮಾತಾಡುವುದಕ್ಕೆ ಕಾರಣವಿದೆ. ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1908ರ ಜುಲೈ 20ರಂದು ಬ್ಯಾಂಕ್ ಆಫ್ ಬರೋಡಾವನ್ನು ಸ್ಥಾಪಿಸಿದ್ದು ಇಲ್ಲಿಯೇ. ನಮ್ಮ ಮಂಗಳೂರಿನಲ್ಲಿ ಎ. ಬಿ. ಶೆಟ್ಟರು ಮತ್ತು ಅವರ ಜೊತೆಗಾರರು 1931ರಲ್ಲಿ ಕಟ್ಟಿದ ವಿಜಯಾ ಬ್ಯಾಂಕು, 2019ರ ಏಪ್ರಿಲ್ 1ರಂದು, ದೇನಾ ಬ್ಯಾಂಕಿನ ಜೊತೆಗೆ ಈ ಬ್ಯಾಂಕಿನಲ್ಲಿ ವಿಲೀನವಾಯಿತು. ಬಂಟ್ವಾಳದಲ್ಲೋ ಶಿವಮೊಗ್ಗದಲ್ಲೋ ವಿಜಯಾ ಬ್ಯಾಂಕಿನ ಪಾಸ್‌ಬುಕ್ ಇಟ್ಟುಕೊಂಡಿದ್ದ ಮನೆಗಳ ಉಳಿತಾಯ ಇವತ್ತು ಈ ಊರಿನ ಹೆಸರು ಹೊತ್ತ ಬ್ಯಾಂಕಿನಲ್ಲಿದೆ. ಕೊಯಲಿಯ ತೈಲ ಶುದ್ಧೀಕರಣಾಗಾರದಲ್ಲಿ, ರಸಗೊಬ್ಬರ ಕಾರ್ಖಾನೆಯಲ್ಲಿ, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ದುಡಿಯಲು ಬಂದ ಕನ್ನಡಿಗರು, ಹೋಟೆಲು ನಡೆಸಲು ಬಂದ ನಮ್ಮ ಕರಾವಳಿಯವರು, ಗುಜರಾತಿನ ವ್ಯಾಪಾರದ ರೀತಿಯನ್ನು ಹತ್ತಿರದಿಂದ ಕಂಡವರು. ಲೆಕ್ಕದ ಪುಸ್ತಕಕ್ಕೆ ದೀಪಾವಳಿಯಲ್ಲಿ ಪೂಜೆ ಮಾಡುವ ನಾಡು ಇದು. ಇಲ್ಲಿ ಅದನ್ನು ಚೋಪಡಾ ಪೂಜನ್ ಎನ್ನುತ್ತಾರೆ. ನಮ್ಮಲ್ಲೂ ಅಂಗಡಿಯವರು ಅದೇ ಹಬ್ಬದಲ್ಲಿ ಹೊಸ ಕಿರ್ದಿ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚುತ್ತಾರೆ. ಹಣದಷ್ಟೇ ಅದರ ಲೆಕ್ಕವೂ ಪೂಜೆಗೆ ಅರ್ಹ ಎಂಬ ತಿಳಿವಳಿಕೆ ಎರಡೂ ಕಡೆ ಇದೆ.

ಊರಿನ ನಡುವಿನ ಖಂಡೇರಾವ್ ಮಾರ್ಕೆಟ್ಟಿಗೆ ಬೆಳಿಗ್ಗೆ ಹೋದರೆ ಇಂದಿನ ಸ್ಥಿತಿ ಕಣ್ಣಿಗೆ ಕಟ್ಟುತ್ತದೆ. ತರಕಾರಿ ಮಾರುವ ಬೆನ್, ಅಂದರೆ ಅಕ್ಕ, ತಕ್ಕಡಿಯ ಪಕ್ಕದಲ್ಲಿ ಕ್ಯೂಆರ್ ಕೋಡಿನ ಹಲಗೆ ಇಟ್ಟಿದ್ದಾಳೆ. ಹಣ ಜಮೆಯಾದ ಕೂಡಲೇ ಪುಟ್ಟ ಸೌಂಡ್‌ಬಾಕ್ಸು ಎಷ್ಟು ರೂಪಾಯಿ ಬಂತೆಂದು ಕೂಗಿ ಹೇಳುತ್ತದೆ. ಅವಳ ಸೊಂಟದ ಚೀಲದಲ್ಲಿ ಹತ್ತು, ಇಪ್ಪತ್ತರ ನೋಟುಗಳೂ ಇವೆ. ಅವಳ ಹತ್ತಿರ ಕಾರ್ಡು ಉಜ್ಜುವ ಯಂತ್ರ ಇಲ್ಲ. ಅದು ಬೇಕೆಂದರೆ ಅಲ್ಕಾಪುರಿಯ ದೊಡ್ಡ ಅಂಗಡಿಗಳಿಗೆ ಹೋಗಬೇಕು. ಅಂದರೆ ನಮ್ಮ ದೇಶದಲ್ಲಿ ನಗದಿಗೆ ನಿಜವಾದ ಜೊತೆಗಾರನಾಗಿ ಬಂದದ್ದು ಪ್ಲಾಸ್ಟಿಕ್ ಕಾರ್ಡಿಗಿಂತ ಹೆಚ್ಚಾಗಿ ಯುಪಿಐ. 2016ರ ಏಪ್ರಿಲ್‌ನಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ 2023ರ ಆಗಸ್ಟ್ ತಿಂಗಳೊಂದರಲ್ಲೇ ಸಾವಿರ ಕೋಟಿಗೂ ಹೆಚ್ಚು ಪಾವತಿಗಳು ನಡೆದವು. ಹಾಗೆಂದು ನಗದು ಮಾಯವಾಯಿತೇ? ಇಲ್ಲ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದಾಗ ಚಲಾವಣೆಯ ಮೌಲ್ಯದಲ್ಲಿ ಶೇಕಡಾ 86ರಷ್ಟು ಒಮ್ಮೆಗೇ ಹೋಯಿತು. ಆಗ ದೇಶದಲ್ಲಿದ್ದ ನಗದು ಸುಮಾರು 18 ಲಕ್ಷ ಕೋಟಿ ರೂಪಾಯಿ. 2024ರ ಮಾರ್ಚ್ ಹೊತ್ತಿಗೆ ನೋಟುಗಳ ಮೌಲ್ಯವೇ 34 ಲಕ್ಷ ಕೋಟಿ ದಾಟಿತ್ತು. ಎರಡೂ ಬೆಳೆದಿವೆ. ಎರಡಕ್ಕೂ ಜನ ಜಾಗ ಕೊಟ್ಟಿದ್ದಾರೆ. ಯಾವುದಕ್ಕೆ ಎಲ್ಲಿ ಜಾಗ ಎಂಬುದನ್ನು ತಿಳಿದು ಕೊಡಬೇಕಾದ ಕೆಲಸ ನಮ್ಮದು.

ನೋಟು ಕೈಗೆ ಬರದೆ ಹಣ ಕೈ ಬದಲಾಯಿಸುವುದು ಗುಜರಾತಿಗೆ ಹೊಸದಲ್ಲ. ಹದಿನೇಳನೆಯ ಶತಮಾನದ ಸೂರತ್ ಬಂದರಿನಲ್ಲಿ ವೀರ್ಜಿ ವೋರಾ ಎಂಬ ದೊಡ್ಡ ವರ್ತಕನಿದ್ದ. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯೂ ಅವನ ಹತ್ತಿರ ಸಾಲ ತೆಗೆಯುತ್ತಿತ್ತು. ಅವನಂಥ ಶರಾಫರು, ಅಂದರೆ ಹಣದ ವ್ಯಾಪಾರಿಗಳು, ಬರೆದ ಹುಂಡಿಯ ಕಾಗದ ಹಿಡಿದು ಹೋದರೆ ದೂರದ ಪೇಟೆಯಲ್ಲಿ ಹಣ ಸಿಗುತ್ತಿತ್ತು. ಕಂಡ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ. ಗಡುವು ಮುಗಿದ ಮೇಲೆ ಕೊಡಬೇಕಾದದ್ದು ಮುದ್ದತಿ ಹುಂಡಿ. ಇವುಗಳಲ್ಲಿ ಶಾಹ್‌ಜೋಗ್ ಎಂಬ ಹುಂಡಿಯ ಕಟ್ಟುಪಾಡು ಬಹಳ ಜಾಣತನದ್ದು. ಪೇಟೆಯಲ್ಲಿ ಹೆಸರು, ಮಾನ ಇರುವ ಸಾಹುಕಾರನ ಮೂಲಕ ಬಂದರೆ ಮಾತ್ರ ಅದಕ್ಕೆ ಹಣ. ದಾರಿಯಲ್ಲಿ ಕದ್ದವನು ನೇರವಾಗಿ ಹೋಗಿ ಹಣ ಪಡೆಯುವಂತಿಲ್ಲ. ಹುಂಡಿ ಕಳ್ಳಮಾಲೆಂದು ಆಮೇಲೆ ಗೊತ್ತಾದರೆ ಹಣ ಪಡೆದ ಸಾಹುಕಾರನೇ ಮರಳಿಸಬೇಕು. ಮೂಲ ಹುಂಡಿ ಕಳೆದುಹೋದರೆ ಎರಡನೆಯ ಪ್ರತಿ, ಅದೂ ಕಳೆದರೆ ಮೂರನೆಯ ಪ್ರತಿ ಬರೆದುಕೊಡುವ ಪದ್ಧತಿಯೂ ಇತ್ತು. ಇಷ್ಟೆಲ್ಲ ವ್ಯವಸ್ಥೆ ಮಾಡಿದ ಹಿಂದಿನವರು ನನ್ನ ಎರಡು ಪ್ರಶ್ನೆಗಳಿಗೂ ಉತ್ತರ ಬರೆದಿಟ್ಟಿದ್ದರು. ಲೆಕ್ಕ ಕಾಗದದ ಮೇಲೆ, ನಷ್ಟದ ಹೊಣೆ ಗೊತ್ತಿರುವ ಒಬ್ಬನ ಮೇಲೆ. ಹುಂಡಿಯ ಮೇಲೆ ಜನಕ್ಕಿದ್ದ ನಂಬಿಕೆ ಎಷ್ಟೆಂದರೆ, ಜುನಾಗಢದ ಭಕ್ತಕವಿ ನರಸಿಂಹ ಮೆಹತಾ ದ್ವಾರಕೆಯ ಶಾಮಳಶಾ ಸೇಠನ ಹೆಸರಿಗೆ ಹುಂಡಿ ಬರೆದುಕೊಟ್ಟ, ಕೃಷ್ಣನೇ ಸೇಠನಾಗಿ ಬಂದು ಹಣ ತೀರಿಸಿದ ಎಂಬ ಕಥೆಯನ್ನು ಗುಜರಾತಿಗಳು ಇಂದಿಗೂ ಹಾಡುತ್ತಾರೆ.

ಇನ್ನೊಂದು ಕಡೆ ನಗದಿಗೂ ಅದರದೇ ಖರ್ಚು ಇತ್ತು. ಬರೋಡಾ ಸಂಸ್ಥಾನಕ್ಕೆ ಬಾಬಾಶಾಹಿ ಎಂಬ ಸ್ವಂತ ರೂಪಾಯಿ ಇತ್ತು. ಬ್ರಿಟಿಷರ ರೂಪಾಯಿಗೂ ಅದಕ್ಕೂ ಬೆಲೆ ಸಮ ಇರಲಿಲ್ಲ. ಗಡಿ ದಾಟಿ ವ್ಯಾಪಾರ ಮಾಡುವವರು ಶರಾಫನಿಗೆ ವಟ್ಟ ಕೊಟ್ಟು ಬದಲಾಯಿಸಿಕೊಳ್ಳಬೇಕಿತ್ತು. ಕಳೆದ ಶತಮಾನದ ಆರಂಭದಲ್ಲಿ ಆ ನಾಣ್ಯ ನಿಂತುಹೋಯಿತು. ಆದರೆ ಹಣ ದಾಟಿಸುವ ಕೂಲಿ ಯಾರು ಕೊಡಬೇಕೆಂಬ ಪ್ರಶ್ನೆ ನಿಂತಿಲ್ಲ. ಇವತ್ತು ನೀವು ಕ್ರೆಡಿಟ್ ಕಾರ್ಡು ಉಜ್ಜಿದರೆ ಅಂಗಡಿಯವನಿಗೆ ಬರುವ ಹಣದಲ್ಲಿ ಒಂದು ಪಾಲು ಬ್ಯಾಂಕಿಗೂ ಕಾರ್ಡು ಕಂಪನಿಗೂ ಹೋಗುತ್ತದೆ. ಡೆಬಿಟ್ ಕಾರ್ಡಿನ ಇಂಥ ಶುಲ್ಕಕ್ಕೆ ರಿಸರ್ವ್ ಬ್ಯಾಂಕು 2018ರಿಂದ ಮಿತಿ ಹಾಕಿತು. ವರ್ಷಕ್ಕೆ 20 ಲಕ್ಷದವರೆಗೆ ವಹಿವಾಟು ಇರುವ ಸಣ್ಣ ವ್ಯಾಪಾರಿಯಿಂದ ಶೇಕಡಾ 0.40, ಉಳಿದವರಿಂದ ಶೇಕಡಾ 0.90 ಮೀರಬಾರದು. ರುಪೇ ಡೆಬಿಟ್ ಕಾರ್ಡಿಗೂ ಯುಪಿಐಗೂ 2020ರ ಜನವರಿಯಿಂದ ಆ ಶುಲ್ಕವೇ ಇಲ್ಲ. ತರಕಾರಿಯ ಬೆನ್ ಕ್ಯೂಆರ್ ಹಲಗೆ ಇಟ್ಟು ಕಾರ್ಡಿನ ಯಂತ್ರ ಇಡದಿರುವುದಕ್ಕೆ ಇದೂ ಒಂದು ಕಾರಣ. ಅವಳ ಲಾಭವೇ ರೂಪಾಯಿಗೆ ಕೆಲವು ಪೈಸೆ. ಅದರಲ್ಲಿ ಯಾರಿಗೂ ಪಾಲು ಕೊಡುವ ಶಕ್ತಿ ಅವಳಿಗಿಲ್ಲ.

ಹೀಗೆ ಪೈಸೆ ಪೈಸೆ ಲೆಕ್ಕ ಹಾಕಿ ಬದುಕುವ ಹೆಂಗಸರ ಕೈಗೆ ಲೆಕ್ಕದ ಪುಸ್ತಕ ಕೊಟ್ಟ ಕಥೆ ಪಕ್ಕದ ಅಹಮದಾಬಾದಿನದು. ಇಳಾ ಭಟ್ ಅವರು 1972ರಲ್ಲಿ ಸೇವಾ ಎಂಬ ಹೆಸರಿನಲ್ಲಿ ಸ್ವಂತ ದುಡಿಮೆಯ ಹೆಂಗಸರ ಸಂಘ ಕಟ್ಟಿದರು. ತರಕಾರಿ ಮಾರುವವರು, ತಲೆಹೊರೆ ಹೊರುವವರು, ಚಿಂದಿ ಆಯುವವರು ಅದರ ಸದಸ್ಯರು. ಬೆಳಿಗ್ಗೆ ಸಾಲ ತಂದು ಮಾಲು ಕೊಂಡು, ಸಂಜೆ ಬಡ್ಡಿ ಸೇರಿಸಿ ತೀರಿಸಿ, ಉಳಿದದ್ದರಲ್ಲಿ ಮಕ್ಕಳಿಗೆ ಉಣಿಸುವುದು ಅವರ ಬದುಕು. ನಗದೇನೋ ದಿನವೂ ಕೈಯಲ್ಲಿ ಓಡಾಡುತ್ತಿತ್ತು. ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಮನೆಯಲ್ಲಿಟ್ಟರೆ ಗಂಡನೋ ಮಗನೋ ತೆಗೆದುಕೊಂಡು ಹೋಗುವ ಭಯ. ಬ್ಯಾಂಕಿಗೆ ಹೋದರೆ ಸಹಿ ಬಾರದವರಿಗೆ ಮರ್ಯಾದೆ ಇಲ್ಲ. ಆಗ ಸುಮಾರು 4,000 ಹೆಂಗಸರು ತಲಾ 10 ರೂಪಾಯಿ ಷೇರು ಹಾಕಿ 1974ರಲ್ಲಿ ತಮ್ಮದೇ ಸಹಕಾರಿ ಬ್ಯಾಂಕು ತೆರೆದರು. ಸಹಿಯ ಬದಲು ಫೋಟೊ ಅಂಟಿಸಿದ ಪಾಸ್‌ಬುಕ್ ಬಂತು. ಆ ಫೋಟೊ ಇವಳ ಹಣ ಇವಳದೇ ಎಂದು ಸಾರಿ ಹೇಳಿತು.

ನಮ್ಮ ಉಡುಪಿಯಲ್ಲಿ ಇದಕ್ಕೂ ಬಹಳ ಹಿಂದೆ ಇಂಥದೇ ಒಂದು ಕೆಲಸ ನಡೆದಿತ್ತು. ಡಾ. ಟಿ. ಎಂ. ಎ. ಪೈ ಮತ್ತು ಜೊತೆಗಾರರು ಕಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆ ಪಡೆದು ಪುಸ್ತಕದಲ್ಲಿ ಬರೆದುಕೊಡುತ್ತಿದ್ದ. ಇಂದಿಗೂ ನಮ್ಮ ಎಷ್ಟೋ ಊರುಗಳಲ್ಲಿ ಪಿಗ್ಮಿಯವರು ಸಂಜೆ ಅಂಗಡಿ ಬಾಗಿಲಿಗೆ ಬರುತ್ತಾರೆ. ಕೊಟ್ಟದ್ದು ನಗದು. ಉಳಿದದ್ದು ಬರಹದ ಲೆಕ್ಕ. ನಗದು ಬಳಸುವವರು ಲೆಕ್ಕವಿಲ್ಲದವರು ಎಂಬ ಮಾತನ್ನು ಈ ಎರಡು ಉದಾಹರಣೆಗಳು ಸುಳ್ಳು ಮಾಡುತ್ತವೆ.

ಹಾಗಾದರೆ ನಗದಿನವರನ್ನು ಬ್ಯಾಂಕಿನ ದಾರಿಗೆ ತರುವುದು ಹೇಗೆ? ಸಾಬರಕಾಂಠಾ ಜಿಲ್ಲೆಯ ಅಕೋದರಾ ಎಂಬ ಹಳ್ಳಿಯನ್ನು ನೋಡಿ. ಅಹಮದಾಬಾದಿನಿಂದ ಸುಮಾರು 90 ಕಿಲೋಮೀಟರ್ ದೂರ. 2015ರ ಜನವರಿಯಲ್ಲಿ ಐಸಿಐಸಿಐ ಬ್ಯಾಂಕು ಇದನ್ನು ಡಿಜಿಟಲ್ ಹಳ್ಳಿಯಾಗಿ ರೂಪಿಸಿತು. ನೋಟು ರದ್ದಾದ ದಿನಗಳಲ್ಲಿ ಈ ಹೆಸರು ಎಲ್ಲ ಪತ್ರಿಕೆಗಳಲ್ಲೂ ಬಂತು. ಅಲ್ಲಿ ಗಮನಿಸಬೇಕಾದದ್ದು ಅಂಗಡಿಯಲ್ಲಿ ಫೋನಿನಿಂದ ಹಣ ಕೊಟ್ಟದ್ದನ್ನಷ್ಟೇ ಅಲ್ಲ. ಹಳ್ಳಿಯವರಿಗೆ ಖಾತೆ ಮಾಡಿಸಿ, ಹಾಲಿನ ಸಂಘದ ಹಣವೂ ಖಾತೆಗೇ ಬರುವ ಹಾಗೆ ಮಾಡಿದರು. ದುಡಿಮೆ ಖಾತೆಗೆ ಬಂದರೆ ಖರ್ಚೂ ಖಾತೆಯಿಂದ ಹೋಗುತ್ತದೆ. ಕೂಲಿಯನ್ನು ನೋಟಿನಲ್ಲಿ ಪಡೆಯುವವನಿಗೆ ಕಾರ್ಡು ಉಜ್ಜು ಎಂದರೆ ಅವನು ಮೊದಲು ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಂತು ಹಣ ಕಟ್ಟಬೇಕು. ಅಂದಿನ ಅರ್ಧ ಕೂಲಿ ಅಲ್ಲೇ ಹೋಯಿತು. ಕರ್ನಾಟಕದಲ್ಲಿ ಹಾಲಿನ ಪ್ರೋತ್ಸಾಹಧನ ರೈತರ ಖಾತೆಗೆ ಬರುತ್ತದೆ. 2023ರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯೊಡತಿಯ ಖಾತೆಗೆ ಬರುತ್ತದೆ. ಅದರಿಂದ ಎಷ್ಟೋ ಹೆಂಗಸರಿಗೆ ಮೊದಲ ಬಾರಿಗೆ ತಮ್ಮ ಹೆಸರಿನಲ್ಲೇ ಒಂದು ಲೆಕ್ಕ ಹುಟ್ಟಿದೆ. ಆ ಹಣವನ್ನು ಅವರು ನಗದಾಗಿ ತೆಗೆದು ಖರ್ಚು ಮಾಡಿದರೂ ತಪ್ಪೇನಿಲ್ಲ. ಖಾತೆಯ ಸಂದೇಶವನ್ನು ತಾವೇ ಓದಲು ಕಲಿತರೆ ಸಾಕು, ದೊಡ್ಡ ಹೆಜ್ಜೆ ಇಟ್ಟಂತೆ.

ಈಗ ಕ್ರೆಡಿಟ್ ಕಾರ್ಡಿನ ವಿಷಯ. ಇಲ್ಲಿ ನಾನು ಬಹಳ ಖಡಾಖಂಡಿತವಾಗಿ ಮಾತಾಡುತ್ತೇನೆ. ಕ್ರೆಡಿಟ್ ಕಾರ್ಡು ಸಾಲ. ಬಿಲ್ಲಿನ ಪೂರ್ತಿ ಹಣವನ್ನು ಗಡುವಿನೊಳಗೆ ಕಟ್ಟುವವರಿಗೆ ಮಾತ್ರ ಅದು ಒಳ್ಳೆಯ ಸಾಧನ. ಅಂಥವರಿಗೆ 45 ರಿಂದ 50 ದಿನಗಳವರೆಗೂ ಬಡ್ಡಿ ಇಲ್ಲ. ಆದರೆ ಬಿಲ್ಲಿನಲ್ಲಿ ದಪ್ಪಕ್ಷರದಲ್ಲಿ ಕಾಣುವ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಾ ಹೋದರೆ ಏನಾಗುತ್ತದೆ, ಕೇಳಿ. ಬಿಲ್ಲು 20,000 ರೂಪಾಯಿ ಎಂದಿಟ್ಟುಕೊಳ್ಳೋಣ. ಶೇಕಡಾ ಐದರಂತೆ ಕನಿಷ್ಠ ಮೊತ್ತ 1,000 ಕಟ್ಟಿದಿರಿ. ಉಳಿದದ್ದು 19,000. ತಿಂಗಳಿಗೆ ಶೇಕಡಾ ಮೂರೂವರೆ ಬಡ್ಡಿ ಎಂದರೆ 665 ರೂಪಾಯಿ. ಆ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ, ಸುಮಾರು 120 ರೂಪಾಯಿ. ಒಟ್ಟು 785. ಮುಂದಿನ ತಿಂಗಳು ಮತ್ತೆ ಒಂದು ಸಾವಿರ ಕಟ್ಟಿದರೆ ಅದರಲ್ಲಿ ಹತ್ತಿರ ಹತ್ತಿರ ಎಂಟುನೂರು ಬಡ್ಡಿಗೇ ಹೋಗಿ, ಸಾಲ ಇಳಿಯುವುದು ಇನ್ನೂರರಷ್ಟು. ವರ್ಷದ ಲೆಕ್ಕದಲ್ಲಿ ಇದು ನೂರಕ್ಕೆ 42 ರೂಪಾಯಿ ಬಡ್ಡಿ. ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದರಂತೂ ಬಡ್ಡಿಯಿಲ್ಲದ ದಿನಗಳ ಸೌಲಭ್ಯವೇ ಇಲ್ಲ, ಅಂದಿನಿಂದಲೇ ಬಡ್ಡಿ ಓಡುತ್ತದೆ.

ಇದರ ಜೊತೆಗೆ ಮನಸ್ಸಿನ ಇನ್ನೊಂದು ಸ್ವಭಾವವೂ ಸೇರುತ್ತದೆ. ಅಮೆರಿಕದ ಎಂಐಟಿಯಲ್ಲಿ ಪ್ರೆಲೆಕ್ ಮತ್ತು ಸಿಮೆಸ್ಟರ್ ಎಂಬ ಇಬ್ಬರು ಅಧ್ಯಾಪಕರು ಒಂದು ಪ್ರಯೋಗ ಮಾಡಿ 2001ರಲ್ಲಿ ಪ್ರಕಟಿಸಿದರು. ಬಾಸ್ಕೆಟ್‌ಬಾಲ್ ಪಂದ್ಯದ ಟಿಕೆಟುಗಳನ್ನು ಹರಾಜಿಗೆ ಇಟ್ಟು, ಕೆಲವರಿಗೆ ನಗದು ಕೊಡಬೇಕೆಂದೂ ಕೆಲವರಿಗೆ ಕಾರ್ಡು ಕೊಡಬಹುದೆಂದೂ ಹೇಳಿದರು. ಕಾರ್ಡಿನವರು ಕೂಗಿದ ಬೆಲೆ ನಗದಿನವರದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟಾಯಿತು. ನೋಟು ಎಣಿಸಿ ಕೊಡುವಾಗ ಆಗುವ ಸಣ್ಣ ಸಂಕಟವೇ ನಮ್ಮನ್ನು ತಡೆಯುತ್ತದೆ. ಕಾರ್ಡು ಆ ಸಂಕಟವನ್ನು ತಿಂಗಳ ಕೊನೆಗೆ ತಳ್ಳುತ್ತದೆ. ಊರಿನ ಕಿರಾಣಿ ಅಂಗಡಿಯ ಉದ್ರಿಯಲ್ಲಿ ಒಂದು ಕಟ್ಟು ಇತ್ತು. ಅಂಗಡಿಯವರಿಗೆ ನಮ್ಮ ಸಂಬಳದ ದಿನವೂ ಗೊತ್ತು, ನಮ್ಮ ಶಕ್ತಿಯೂ ಗೊತ್ತು. “ಹಳೇದು ಸ್ವಲ್ಪ ತೀರಿಸಿ ಸ್ವಾಮಿ, ಆಮೇಲೆ ಕೊಡ್ತೀನಿ” ಎಂದು ಬಾಯಿಬಿಟ್ಟು ಹೇಳುತ್ತಿದ್ದರು. ಕಾರ್ಡು ಹಾಗೆ ಹೇಳುವುದಿಲ್ಲ. ಆದ್ದರಿಂದ ಕಟ್ಟು ನಾವೇ ಹಾಕಿಕೊಳ್ಳಬೇಕು. ಕಾನೂನು ನಮ್ಮ ಪರವಾಗಿದೆ. 2022ರಲ್ಲಿ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಕೇಳದೆ ಕಾರ್ಡು ಕಳಿಸುವಂತಿಲ್ಲ, ನಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಸಾಲದ ಮಿತಿ ಏರಿಸುವಂತಿಲ್ಲ. ಬಾಕಿ ತೀರಿಸಿ ಕಾರ್ಡು ಮುಚ್ಚಿ ಎಂದು ಕೇಳಿದರೆ ಕೆಲಸದ ಏಳು ದಿನಗಳಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ನಮಗೆ ಕೊಡಬೇಕು.

ದಿನದ ಖರೀದಿ ಹೀಗಾದರೆ ತಿಂಗಳ ಬಿಲ್ಲುಗಳ ದಾರಿ ಬೇರೆ. ಕರೆಂಟು, ನೀರು, ಗ್ಯಾಸು, ಫೋನು, ಶಾಲೆಯ ಶುಲ್ಕ, ಇವುಗಳನ್ನು ಬ್ಯಾಂಕಿನ ಮೂಲಕ ಕಟ್ಟುವುದೇ ಲೇಸೆಂದು ನನ್ನ ಗಟ್ಟಿ ಅಭಿಪ್ರಾಯ. ಕಟ್ಟಿದ ದಿನ, ಮೊತ್ತ, ರಸೀದಿಯ ಸಂಖ್ಯೆ ಎಲ್ಲವೂ ಉಳಿಯುತ್ತದೆ. “ನಿಮ್ಮ ಹಣ ಬಂದೇ ಇಲ್ಲ” ಎಂದು ಯಾರೂ ಹೇಳುವಂತಿಲ್ಲ. ಎಲ್ಲ ಬಿಲ್ಲುಗಳನ್ನೂ ಒಂದೇ ಜಾಗದಲ್ಲಿ ಕಟ್ಟಲು ಭಾರತ್ ಕನೆಕ್ಟ್ (ಮೊದಲಿನ ಹೆಸರು ಭಾರತ್ ಬಿಲ್ ಪೇ) ವ್ಯವಸ್ಥೆ ಇದೆ. ಅದರ ಏಜೆಂಟರ ಬಳಿ ನಗದು ಕೊಟ್ಟೂ ಬಿಲ್ಲು ಕಟ್ಟಿ ರಸೀದಿ ಪಡೆಯಬಹುದೆಂಬುದು ಎಷ್ಟೋ ಮಂದಿಗೆ ಗೊತ್ತಿಲ್ಲ. ಕರ್ನಾಟಕ ಒನ್, ಬೆಂಗಳೂರು ಒನ್ ಕೇಂದ್ರಗಳಲ್ಲೂ ಹಾಗೆಯೇ ಬಿಲ್ಲು ಕಟ್ಟಬಹುದು.

ಆದರೆ ಡಿಜಿಟಲ್ ಪಾವತಿಯನ್ನು ಜನರ ಮೇಲೆ ಹೇರಿದರೆ ಏನಾಗುತ್ತದೆ ಎಂಬುದನ್ನೂ ಈ ಊರು ಕಂಡಿದೆ. 2024ರ ಮೇ ತಿಂಗಳಲ್ಲಿ ವಡೋದರಾದ ಬಡಾವಣೆಗಳಲ್ಲಿ ಪ್ರೀಪೇಯ್ಡ್ ಸ್ಮಾರ್ಟ್ ಮೀಟರುಗಳ ವಿರುದ್ಧ ಜನ ಬೀದಿಗಿಳಿದರು. ಮೊದಲು ಕರೆಂಟು ಬಳಸಿ ಎರಡು ತಿಂಗಳಿಗೊಮ್ಮೆ ಬಿಲ್ಲು ಕಟ್ಟುವ ರೂಢಿ. ಹೊಸ ಮೀಟರಿಗೆ ಮೊಬೈಲಿನ ಹಾಗೆ ಮುಂಚೆಯೇ ರೀಚಾರ್ಜ್ ಮಾಡಬೇಕು. ಹಣ ಬೇಗ ಕರಗುತ್ತಿದೆ, ಬಳಕೆಗಿಂತ ಹೆಚ್ಚು ಕಡಿತವಾಗುತ್ತಿದೆ ಎಂದು ಜನ ದೂರಿದರು. ದಿನಗೂಲಿಯ ಮನೆಗಳಲ್ಲಿ ಮುಂಗಡ ಹಣ ಎಲ್ಲಿಂದ ಬರಬೇಕು ಎಂದು ಕೇಳಿದರು. ಕೊನೆಗೆ ಅಳವಡಿಕೆಯನ್ನು ತಡೆಹಿಡಿದು, ಜನರ ಸಂಶಯ ಕಳೆಯಲು ಹೊಸದರ ಪಕ್ಕದಲ್ಲಿ ಹಳೆಯ ಮಾದರಿಯ ಮೀಟರನ್ನೂ ಇಟ್ಟು ಹೋಲಿಸುವ ತೀರ್ಮಾನವಾಯಿತು. ಜನ ಯಂತ್ರಕ್ಕೆ ಹೆದರಿದರು ಎಂದು ಇದನ್ನು ತಳ್ಳಿಹಾಕಬಾರದು. ಲೆಕ್ಕ ತಮ್ಮ ಕಣ್ಣಿಗೆ ಕಾಣಬೇಕು ಎಂದು ಅವರು ಕೇಳಿದರು. ಆ ಬೇಡಿಕೆ ನ್ಯಾಯವಾದದ್ದು.

ಖಾತೆಯಿಂದ ತಾನಾಗಿ ಹಣ ಹೋಗುವ ಆಟೋಪೇ ವ್ಯವಸ್ಥೆಗೂ ಇದೇ ಮಾತು. ಅನುಕೂಲವೇನೋ ಇದೆ. ಹಣ ಹೋಗುವ 24 ಗಂಟೆ ಮೊದಲು ಸೂಚನೆ ಬರಬೇಕೆಂಬ ನಿಯಮವೂ ಇದೆ. ಆ ಸೂಚನೆಯನ್ನು ಓದದೆ ಅಳಿಸಿದರೆ, ಎಂದೋ ನೋಡುವುದನ್ನು ಬಿಟ್ಟ ಚಾನೆಲ್ಲಿಗೆ ತಿಂಗಳು ತಿಂಗಳೂ ಹಣ ಹರಿಯುತ್ತಿರುತ್ತದೆ.

ನಗದಿನ ಬೆಲೆ ನಮಗೆ ನಿಜವಾಗಿ ಅರ್ಥವಾಗುವುದು ಆಪತ್ತಿನಲ್ಲಿ. ಅದೇ 2024ರ ಆಗಸ್ಟ್ ಕೊನೆಯ ವಾರದಲ್ಲಿ ವಿಶ್ವಾಮಿತ್ರಿ ನದಿ ಅಪಾಯದ ಮಟ್ಟ ಮೀರಿ ಊರೊಳಗೆ ನುಗ್ಗಿತು. ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ನದಿಯ ಮೊಸಳೆಗಳು ರಸ್ತೆಗೆ ಬಂದವು. ಮುಳುಗಿದ ಕಡೆಗಳಲ್ಲಿ ಕರೆಂಟು ಇರಲಿಲ್ಲ. ಕರೆಂಟು ಇಲ್ಲವೆಂದರೆ ಫೋನಿನ ಬ್ಯಾಟರಿ ಎಷ್ಟು ಹೊತ್ತು? ಎಟಿಎಂ ಎಲ್ಲಿ? ಹಾಲು, ನೀರಿನ ಬಾಟಲಿ, ಮೇಣದಬತ್ತಿ, ಮಾತ್ರೆ, ಇವಕ್ಕೆಲ್ಲ ಅಂಥ ದಿನಗಳಲ್ಲಿ ಕೈಯಲ್ಲಿರುವ ಸಣ್ಣ ನೋಟುಗಳೇ ಗತಿ. ಇದು ನಮ್ಮೂರಿನ ಮಾತು ಮಾತ್ರವಲ್ಲ. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ದೇಶಗಳಲ್ಲಿ ವಿದ್ಯುತ್ ಒಮ್ಮೆಗೇ ಹೋದಾಗ ಕಾರ್ಡಿನ ಯಂತ್ರಗಳು ಸತ್ತುಬಿದ್ದವು. ನಗದನ್ನು ಬಹುಮಟ್ಟಿಗೆ ಬಿಟ್ಟೇಬಿಟ್ಟಿದ್ದ ಸ್ವೀಡನ್ ದೇಶದ ಸರಕಾರ 2024ರಲ್ಲಿ ಮನೆಮನೆಗೆ ಹಂಚಿದ ಎಚ್ಚರಿಕೆಯ ಪುಸ್ತಿಕೆಯಲ್ಲಿ ಕನಿಷ್ಠ ಒಂದು ವಾರಕ್ಕೆ ಸಾಕಾಗುವ ನಗದು ಮನೆಯಲ್ಲಿರಲಿ ಎಂದು ಹೇಳಿತು. ನಮ್ಮ ಹಿರಿಯರು ಅಕ್ಕಿ ಡಬ್ಬಿಯಲ್ಲಿ ನಾಲ್ಕು ನೋಟು ಇಡುತ್ತಿದ್ದ ಬುದ್ಧಿಯನ್ನೇ ಆ ಸರಕಾರ ಅಚ್ಚು ಹಾಕಿಸಿ ಹಂಚಿದೆ.

ಲೆಕ್ಕ ಉಳಿಯುವುದರಿಂದ ಭಯವೂ ಹುಟ್ಟುತ್ತದೆ. 2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳವರಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸು ಬಂತು. ಯುಪಿಐನಲ್ಲಿ ಬಂದ ಹಣದ ಲೆಕ್ಕ ನೋಡಿ, ಜಿಎಸ್‌ಟಿ ನೋಂದಣಿ ಏಕಿಲ್ಲ ಎಂದು ಇಲಾಖೆ ಕೇಳಿತ್ತು. ರಾತ್ರೋರಾತ್ರಿ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಅಂಟಿಕೊಂಡವು. ಕೊನೆಗೆ ಸರಕಾರ ವ್ಯಾಪಾರಿಗಳ ಜೊತೆ ಕೂತು ಮಾತಾಡಿ, ಹಳೆಯ ಬಾಕಿಗಾಗಿ ಕಾಡುವುದಿಲ್ಲ, ಮುಂದಕ್ಕೆ ನೋಂದಣಿ ಮಾಡಿಸಿಕೊಳ್ಳಿ ಎಂದಿತು. ಸಣ್ಣ ವ್ಯಾಪಾರಿಗಳಿಗೆ ನಾನು ಹೇಳುವುದಿಷ್ಟು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ನೋಂದಣಿ ಕಡ್ಡಾಯ. ಈ ಲೆಕ್ಕದಲ್ಲಿ ನಗದೂ ಸೇರುತ್ತದೆ. ಕ್ಯೂಆರ್ ಹಲಗೆ ಕಿತ್ತುಹಾಕಿದರೆ ವಹಿವಾಟು ಕಡಿಮೆಯಾಗುವುದಿಲ್ಲ. ಹಾಲು, ತಾಜಾ ತರಕಾರಿಗಳಿಗೆ ತೆರಿಗೆಯೇ ಇಲ್ಲ. ಯಾವ ಮಾಲು ಎಷ್ಟು ಮಾರಿದಿರಿ ಎಂಬ ಚೀಟಿ ನಿಮ್ಮ ಬಳಿ ಇದ್ದರೆ ನೋಟಿಸಿಗೆ ಉತ್ತರ ಕೊಡಬಹುದು. ಇಲಾಖೆಯವರಿಗೂ ಒಂದು ಮಾತು. ಕಾನೂನನ್ನು ಮೊದಲು ಕನ್ನಡದಲ್ಲಿ ತಿಳಿಸಿ ಹೇಳಿ, ಆಮೇಲೆ ನೋಟಿಸು ಕಳಿಸಿ.

ಇನ್ನು ಎರಡನೆಯ ಪ್ರಶ್ನೆ, ನಷ್ಟ ಯಾರ ತಲೆಗೆ? ನೋಟು ಕಳೆದರೆ ಕಳೆದಂತೆಯೇ. ಸಿಕ್ಕವರು ಒಳ್ಳೆಯವರಾದರೆ ಪುಣ್ಯ. ಕಾರ್ಡು ಕಳೆದರೆ ಬ್ಯಾಂಕಿಗೆ ಫೋನ್ ಮಾಡಿ ನಿಲ್ಲಿಸಬಹುದು. ನಿಮ್ಮ ತಪ್ಪಿಲ್ಲದೆ, ಬ್ಯಾಂಕಿನದೂ ತಪ್ಪಿಲ್ಲದೆ, ಬೇರೆ ಯಾರೋ ನಿಮ್ಮ ಖಾತೆಯಿಂದ ಹಣ ಎಳೆದರೆ, ಬ್ಯಾಂಕಿನ ಸಂದೇಶ ಬಂದ ಮೇಲೆ ಕೆಲಸದ ಮೂರು ದಿನಗಳೊಳಗೆ ತಿಳಿಸಿದವರಿಗೆ ಒಂದು ರೂಪಾಯಿಯೂ ನಷ್ಟವಾಗಬಾರದು. ಇದು ರಿಸರ್ವ್ ಬ್ಯಾಂಕಿನ 2017ರ ಜುಲೈ ಆದೇಶ. ಕೆಲಸದ ನಾಲ್ಕರಿಂದ ಏಳು ದಿನ ತಡವಾದರೆ ಒಂದು ಮಿತಿಯವರೆಗಿನ ನಷ್ಟ ನಮ್ಮದಾಗುತ್ತದೆ. ಆದರೆ ಪಿನ್ ಸಂಖ್ಯೆಯನ್ನೋ ಒಟಿಪಿಯನ್ನೋ ನಾವೇ ಯಾರಿಗಾದರೂ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ನಮ್ಮದೇ. ಒಂದು ಮಾತನ್ನು ಮನೆಯ ಎಲ್ಲರಿಗೂ ಬಾಯಿಪಾಠ ಮಾಡಿಸಿ. ಯುಪಿಐ ಪಿನ್ ಒತ್ತುವುದು ಹಣ ಕೊಡುವುದಕ್ಕೆ. ಹಣ ಪಡೆಯುವುದಕ್ಕೆ ಪಿನ್ ಬೇಕೇ ಇಲ್ಲ. ಮೋಸ ಹೋದದ್ದು ಗೊತ್ತಾದ ಕೂಡಲೇ 1930 ಸಂಖ್ಯೆಗೆ ಫೋನ್ ಮಾಡಿ. ನಾಚಿಕೆಯಿಂದ ಮುಚ್ಚಿಟ್ಟ ಪ್ರತಿ ಗಂಟೆಯೂ ಕಳ್ಳನಿಗೆ ಲಾಭ.

ಇಷ್ಟೆಲ್ಲ ಕೇಳಿದ ಮೇಲೆ ಮನೆಯಲ್ಲಿ ಏನು ಮಾಡಬಹುದು? ನನ್ನ ಸಲಹೆ ಹೀಗಿದೆ. ಸಂಬಳ, ಪಿಂಚಣಿ ಬರುವ ಖಾತೆಯನ್ನು ಫೋನಿನ ಪಾವತಿಗೆ ಜೋಡಿಸಬೇಡಿ. ಇನ್ನೊಂದು ಸಣ್ಣ ಖಾತೆ ತೆರೆದು, ತಿಂಗಳ ಖರ್ಚಿಗೆ ಬೇಕಾದಷ್ಟನ್ನು ಅದಕ್ಕೆ ದಾಟಿಸಿ, ಸ್ಕ್ಯಾನ್ ಮಾಡುವುದೆಲ್ಲ ಅದರಿಂದಲೇ ನಡೆಯಲಿ. ಮೋಸವಾದರೂ ದೊಡ್ಡ ಗಂಟು ಉಳಿಯುತ್ತದೆ. ತಿಂಗಳ ಬಿಲ್ಲುಗಳು ಬ್ಯಾಂಕಿನ ಮೂಲಕ ಹೋಗಲಿ. ತರಕಾರಿ, ಹೂವು, ಆಟೋ, ಹಾಲಿನಂಥವಕ್ಕೆ ಎದುರಿನವರು ಯಾವುದನ್ನು ಬಯಸುತ್ತಾರೋ ಅದನ್ನೇ ಕೊಡಿ. ಮನೆಗೆಲಸಕ್ಕೆ ಬರುವ ಅಮ್ಮನಿಗೆ ಸಂಬಳ ನಗದು ಬೇಕೋ ಖಾತೆಗೆ ಬೇಕೋ ಎಂದು ಅವಳನ್ನೇ ಕೇಳಿ. ಕ್ರೆಡಿಟ್ ಕಾರ್ಡು ಇದ್ದರೆ ಪೂರ್ತಿ ಬಿಲ್ಲು ತಾನಾಗಿ ಕಟ್ಟುವ ಹಾಗೆ ಬ್ಯಾಂಕಿನಲ್ಲಿ ಬರೆದುಕೊಡಿ. ಅಷ್ಟು ಹಣ ತಿಂಗಳ ಕೊನೆಗೆ ಉಳಿಯುವುದಿಲ್ಲವೆಂದರೆ ಆ ಕಾರ್ಡು ನಿಮಗೆ ಬೇಡ. ಒಂದು ವಾರದ ನಗದು ಸಣ್ಣ ನೋಟುಗಳಲ್ಲಿ ಮನೆಯಲ್ಲಿರಲಿ. ತಿಂಗಳಿಗೊಮ್ಮೆ ಎಲ್ಲರೂ ಕೂತು, ನಗದಿನ ಖರ್ಚು, ಫೋನಿನ ಖರ್ಚು, ಕಾರ್ಡಿನ ಖರ್ಚು ಮೂರನ್ನೂ ಒಂದೇ ಪುಸ್ತಕದಲ್ಲಿ ಬರೆಯಿರಿ. ಮೂರು ಕಡೆ ಚದುರಿದ ಖರ್ಚು ಒಂದೇ ಪುಟದಲ್ಲಿ ಕಂಡಾಗ, ಎಲ್ಲಿ ಕೈ ಬಿಗಿ ಹಿಡಿಯಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಕೊನೆಯದಾಗಿ ಎರಡು ಕೋರಿಕೆ. ಮನೆಯ ಕಿರಿಯರೇ, ಅಜ್ಜಿಯ ಫೋನಿನಲ್ಲಿ ನೀವೇ ಬಿಲ್ಲು ಕಟ್ಟಿ ಮುಗಿಸಬೇಡಿ. ಪಕ್ಕದಲ್ಲಿ ಕೂತು ಅವರ ಕೈಯಿಂದಲೇ ಮಾಡಿಸಿ. ಬಂದ ಸಂದೇಶವನ್ನು ಅವರೇ ಓದಲಿ. ಅಕ್ಷರ ಸಣ್ಣದಾದರೆ ದೊಡ್ಡದು ಮಾಡಿಕೊಡಿ, ಭಾಷೆ ಕನ್ನಡಕ್ಕೆ ಬದಲಾಯಿಸಿಕೊಡಿ. ಕಲಿಯಲು ಇಷ್ಟವಿಲ್ಲ ಎಂದರೆ ಬಲವಂತ ಬೇಡ, ಅವರಿಗೆ ನಗದಿನ ದಾರಿ ಇರಲಿ. ಇಲಾಖೆಗಳ, ಆಸ್ಪತ್ರೆಗಳ, ಬಸ್ ನಿಲ್ದಾಣಗಳ ಅಧಿಕಾರಿಗಳೇ, ನಗದು ಕೌಂಟರ್ ಮುಚ್ಚುವ ಆದೇಶಕ್ಕೆ ಸಹಿ ಹಾಕುವ ಮುನ್ನ ಒಂದು ಬೆಳಿಗ್ಗೆ ಆ ಸಾಲಿನಲ್ಲಿ ನಿಂತವರು ಯಾರೆಂದು ಹೋಗಿ ನೋಡಿ. ಅಲ್ಲಿರುವವರು ದಿನಗೂಲಿಯವರು, ಮುದುಕರು, ಕಣ್ಣು ಮಂದವಾದವರು, ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದವರು. ಅವರ ನೋಟಿಗೂ ಸರಕಾರದ ಮುದ್ರೆಯಿದೆ. ನಗದೋ ಕಾರ್ಡೋ ಎಂದು ತೀರ್ಮಾನಿಸುವ ಹಕ್ಕು ಆ ಹಣವನ್ನು ದುಡಿದವರದು. ಆ ಹಕ್ಕು ಮಾತಿನಲ್ಲಷ್ಟೇ ಉಳಿಯಬಾರದೆಂದರೆ ಪ್ರತಿ ಊರಿನಲ್ಲೂ ಎರಡೂ ಕಿಟಕಿಗಳು ತೆರೆದಿರಬೇಕು. ನಿಮ್ಮ ಊರಿನಲ್ಲಿ ಒಂದನ್ನು ಮುಚ್ಚುವ ಮಾತು ಬಂದರೆ ಸುಮ್ಮನಿರಬೇಡಿ, ಬೇಡವೆಂದು ಒಂದು ಅರ್ಜಿ ಬರೆದು ಕೊಡಿ.